ಕಥಾಸಾರದ ವಕ್ರತೆ: ಚಲನಚಿತ್ರಗಳನ್ನು ಊಹಿಸುವ ಒಂದು ವಿನೋದವನ್ನು ಕುರಿತು

ಹೆಂಡತಿಯನ್ನೂ ಮಗನನ್ನೂ ಮಾರಿ ಸಾಲ ತೀರಿಸಿದ ಗೃಹಸ್ಥನೊಬ್ಬನು, ಮುಂದೆ ಆ ಹೆಂಡತಿಯೇ ಮಗನ ಶವವನ್ನು ಹೊತ್ತು ತಂದಾಗ ಸುಂಕ ಕೊಡದೆ ಸುಡಗೊಡುವುದಿಲ್ಲವೆಂದು ಹಠ ಹಿಡಿಯುತ್ತಾನೆ. ಕೊನೆಯಲ್ಲಿ ಅವನಿಗೆ ಕೀರ್ತಿಯೂ ರಾಜ್ಯವೂ ದೊರೆಯುತ್ತವೆ. ಇದು ಯಾವ ಚಲನಚಿತ್ರದ ಕಥೆ ಎಂದು ಕೇಳಿದರೆ, ಮೊದಲು ಓದುಗರ ಮುಖದಲ್ಲಿ ಅಸಹ್ಯವೂ, ಅನಂತರ ಸಂದೇಹವೂ, ಆಮೇಲೆ ನಗುವೂ ಕಾಣಿಸಿಕೊಳ್ಳುತ್ತವೆ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ವೇ ಇದರ ಉತ್ತರ. ಮೇಲಿನ ವಾಕ್ಯದಲ್ಲಿ ಸುಳ್ಳಾದ ಒಂದು ಮಾತೂ ಇಲ್ಲ. ಆದರೂ ಇಡೀ ವಾಕ್ಯವು ನಮ್ಮನ್ನು ವಂಚಿಸುತ್ತದೆ. ಸತ್ಯವಾದ ಮಾತುಗಳು ಸೇರಿ ವಂಚನೆಯಾಗುವುದು ಹೇಗೆಂಬ ಪ್ರಶ್ನೆಯು ಕೇವಲ ವಿನೋದದ್ದಲ್ಲವಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಚಾರಮಾಡಲಾಗಿದೆ.

ಸುಪ್ರಸಿದ್ಧವಾದ ಚಿತ್ರವೊಂದರ ಕಥೆಯನ್ನು ಒಂದೆರಡು ವಾಕ್ಯಗಳಲ್ಲಿ ದಾರಿತಪ್ಪಿಸುವಂತೆ ಹೇಳಿ, ಹೆಸರನ್ನು ಊಹಿಸಿರೆಂದು ಎದುರಿಗಿದ್ದವರನ್ನು ಕೇಳುವ ಆಟವು ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಇದಕ್ಕೆ ಮಾದರಿಯಾಗಿ ಎಲ್ಲರೂ ಎತ್ತಿಹೇಳುವುದು ಅಮೆರಿಕದ ಕ್ಯಾಲಿಫೋರ್ನಿಯದ ಪತ್ರಿಕೆಯೊಂದರಲ್ಲಿ 1998ರಲ್ಲಿ ಅಚ್ಚಾದ ಒಂದು ಪುಟ್ಟ ಟಿಪ್ಪಣಿಯನ್ನು. ದೂರದರ್ಶನದಲ್ಲಿ ಬರಲಿರುವ ಚಿತ್ರಗಳ ಪರಿಚಯವನ್ನು ಬರೆಯುತ್ತಿದ್ದ ರಿಕ್ ಪೊಲಿಟೊ ಎಂಬ ಪತ್ರಕರ್ತರು 1939ರ ‘ದಿ ವಿಜ಼ರ್ಡ್ ಆಫ್ ಆಜ಼್’ ಚಿತ್ರವನ್ನು ಪರಿಚಯಿಸುತ್ತ, ವಿಚಿತ್ರವಾದೊಂದು ನಾಡಿಗೆ ಹೋದ ಬಾಲಿಕೆಯು ಅಲ್ಲಿ ಮೊದಲು ಎದುರಾದವಳನ್ನು ಕೊಂದು, ಬಳಿಕ ಮೂವರು ಅಪರಿಚಿತರನ್ನು ಕೂಡಿಕೊಂಡು ಇನ್ನೊಂದು ಕೊಲೆಗೆ ಹೊರಡುತ್ತಾಳೆಂಬ ಅರ್ಥ ಬರುವಂತೆ ಬರೆದರು. ಮಕ್ಕಳಿಗೆ ಮುದ್ದಾದ ಚಿತ್ರವು ಒಂದೇ ವಾಕ್ಯದಲ್ಲಿ ಪೊಲೀಸ್ ಠಾಣೆಯ ದಾಖಲೆಯಾಗಿಬಿಟ್ಟಿತು.

ಈ ವಾಕ್ಯವನ್ನು ಬಿಡಿಸಿ ನೋಡಿದರೆ ಅದರ ಯಂತ್ರವೆಲ್ಲ ‘ಕೊಲ್ಲು’ ಎಂಬ ಧಾತುವಿನಲ್ಲಿ ಅಡಗಿರುವುದು ಗೊತ್ತಾಗುತ್ತದೆ. ಚಿತ್ರದಲ್ಲಿ ಡೊರೊಥಿಯ ಮನೆಯು ಬಿರುಗಾಳಿಗೆ ಹಾರಿಹೋಗಿ ಪೂರ್ವದಿಕ್ಕಿನ ಮಾಟಗಾತಿಯ ಮೇಲೆ ಬೀಳುತ್ತದೆ. ಹುಡುಗಿಗೆ ಇದು ಆಮೇಲೆ ತಿಳಿಯುತ್ತದೆ. ಪಶ್ಚಿಮದ ಮಾಟಗಾತಿಯು ಸಾಯುವುದಾದರೂ, ಹೊತ್ತಿಕೊಂಡ ಬೆದರುಬೊಂಬೆಯ ಬೆಂಕಿಯನ್ನು ಆರಿಸಲು ಎರಚಿದ ನೀರು ಅವಳ ಮೇಲೆ ಬಿದ್ದುದರಿಂದ. ‘ಸಾವಿಗೆ ಕಾರಣಳಾದಳು’ ಎಂಬುದಕ್ಕೂ ‘ಕೊಂದಳು’ ಎಂಬುದಕ್ಕೂ ಘಟನೆಯ ಮಟ್ಟಿಗೆ ಭೇದವಿಲ್ಲ. ಸಂಕಲ್ಪದ ಮಟ್ಟಿಗೆ ಅಜಗಜಾಂತರವಿದೆ. ನ್ಯಾಯಾಲಯಗಳು ಈ ಭೇದವನ್ನು ಗೊತ್ತುಮಾಡಲು ತಿಂಗಳುಗಟ್ಟಲೆ ಕಾಲವನ್ನು ವ್ಯಯಿಸುತ್ತವೆ. ಪರಿಚಯಕಾರರು ಒಂದು ಧಾತುವಿನಲ್ಲಿ ಮುಗಿಸಿಬಿಟ್ಟರು. ಆದರೆ ಅವರಿಗೂ ಒಂದು ಮಾತನ್ನು ಬಿಟ್ಟುಕೊಡಬೇಕು. ಮಾಂತ್ರಿಕನು ಪಶ್ಚಿಮದ ಮಾಟಗಾತಿಯ ಪೊರಕೆಯನ್ನು ತರಹೇಳಿದಾಗ, ಅದಕ್ಕಾಗಿ ಅವಳನ್ನು ಕೊಲ್ಲಬೇಕಾದೀತೆಂಬುದನ್ನು ಆ ನಾಲ್ವರೂ ಬಲ್ಲರು, ಬಲ್ಲವರಾಗಿಯೇ ಹೊರಡುತ್ತಾರೆ. ಚಿತ್ರವನ್ನು ಹತ್ತು ಬಾರಿ ಕಂಡವರೂ ಗಮನಿಸದ ಈ ಅಂಶವನ್ನು ಆ ಕುಚೇಷ್ಟೆಯ ವಾಕ್ಯವು ಬೆಳಕಿಗೆ ತಂದಿತು.

ಈ ಆಟವನ್ನು ಕನ್ನಡದಲ್ಲಿ ಆಡಹೊರಟವರಿಗೆ ಇಂಗ್ಲಿಷಿನಲ್ಲಿಲ್ಲದ ತೊಡಕೊಂದು ಎದುರಾಗುತ್ತದೆ. ಇಂಗ್ಲಿಷಿನ ಕ್ರಿಯಾಪದವು ಕರ್ತೃವಿನ ಲಿಂಗವನ್ನು ಸೂಚಿಸುವುದಿಲ್ಲ. ನಮ್ಮ ಪ್ರಥಮಪುರುಷದ ಕ್ರಿಯಾಪದವಾದರೋ ‘ಆನೆ, ಆಳೆ, ಅದೆ’ ಎಂದು ಮೂರು ಬಾಯಿಂದ ಸಾರಿಬಿಡುತ್ತದೆ. 1933ರ ‘ಕಿಂಗ್ ಕಾಂಗ್’ ಚಿತ್ರವನ್ನು ತೆಗೆದುಕೊಳ್ಳೋಣ. ದೂರದ ದ್ವೀಪದಿಂದ ನ್ಯೂಯಾರ್ಕಿಗೆ ಕರೆತರಲ್ಪಟ್ಟ ಅತಿಥಿಯು, ತಾನು ಮೆಚ್ಚಿದ ತರುಣಿಯೊಡನೆ ಊರಿನ ಅತಿ ಎತ್ತರದ ಕಟ್ಟಡವನ್ನು ಹತ್ತಿ... ಎಂದು ಆರಂಭಿಸಿದರೆ ‘ಕೆಳಗೆ ಬೀಳುತ್ತಾನೆ’ ಎನ್ನುವುದು ಸುಳ್ಳಾದೀತು, ‘ಬೀಳುತ್ತದೆ’ ಎನ್ನುವುದು ಗುಟ್ಟನ್ನು ಬಿಟ್ಟುಕೊಟ್ಟೀತು. ಇಬ್ಬಂದಿಗೆ ಸಿಕ್ಕಿದ ಒಗಟುಗಾರನನ್ನು ನಮ್ಮ ವ್ಯಾಕರಣವೇ ಬೇರೊಂದು ಬಾಗಿಲಿನಿಂದ ಪಾರುಮಾಡುತ್ತದೆ. ಕೃದಂತಕ್ಕೆ ಲಿಂಗವಚನಗಳ ಕಟ್ಟಿಲ್ಲ. ‘ಹತ್ತಿದ’, ‘ಬಿದ್ದ’ ಎಂಬ ರೂಪಗಳು ಮನುಷ್ಯನಿಗೂ ಮೃಗಕ್ಕೂ ಸಮಾನ. ಆದಕಾರಣ ‘ಕಟ್ಟಡವನ್ನು ಹತ್ತಿ, ವಿಮಾನಗಳ ಕಾಟಕ್ಕೆ ಸಿಲುಕಿ, ಬಿದ್ದು ಮೃತಿಹೊಂದಿದ ಅತಿಥಿಯ ಕಥೆ’ ಎಂದು ನಾಮಪದದಲ್ಲಿ ವಾಕ್ಯವನ್ನು ನಿಲ್ಲಿಸಿದರೆ ಸತ್ಯವೂ ಉಳಿಯಿತು, ಗುಟ್ಟೂ ಉಳಿಯಿತು. ವ್ಯಾಕರಣದ ಪಾಠವನ್ನು ಹೇಳುವ ಅಧ್ಯಾಪಕರಿಗೆ ಕೃದಂತದ ಈ ಗುಣವನ್ನು ತೋರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕಲಾರದು. ಪೂಜ್ಯಾರ್ಥದ ಬಹುವಚನವೂ ಇದೇ ಕೆಲಸಕ್ಕೆ ಬರುತ್ತದೆ. ‘ಹಿರಿಯರೊಬ್ಬರು’ ಎಂದಾಗ ಗಂಡೋ ಹೆಣ್ಣೋ ತಿಳಿಯದು. ಆದರೆ ಗೊರಿಲ್ಲವನ್ನು ಹಿರಿಯರೆನ್ನುವಷ್ಟು ದೂರ ಹೋಗಬೇಕಾಗಿಲ್ಲ.

ಹೊಸದೆಂದು ತೋರುವ ಈ ವಿನೋದಕ್ಕೆ ನಮ್ಮ ಶಾಸ್ತ್ರದಲ್ಲಿ ಹಳೆಯ ಹೆಸರುಂಟು. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗಳನ್ನು ವಿವರಿಸುತ್ತ, ವಿನೋದಗೋಷ್ಠಿಗಳಲ್ಲಿ, ಜನರ ನಡುವೆ ಗುಟ್ಟಾಗಿ ಮಾತನಾಡುವಾಗ, ಪರರನ್ನು ಬೆರಗುಗೊಳಿಸುವಾಗ ಅವು ಉಪಯುಕ್ತವೆಂದು ಹೇಳಿ, ಪೂರ್ವಾಚಾರ್ಯರು ಹದಿನಾರು ಬಗೆಗಳನ್ನು ಹೇಳಿರುವರೆಂದು ತಿಳಿಸುತ್ತಾನೆ. ಅವುಗಳಲ್ಲಿ ‘ನಿಭೃತಾ’ ಎಂಬುದು ಎರಡು ವಸ್ತುಗಳಿಗೂ ಸಮಾನವಾದ ಧರ್ಮಗಳನ್ನು ಹೇಳಿ ಉದ್ದಿಷ್ಟವಾದುದನ್ನು ಮರೆಮಾಡತಕ್ಕದ್ದು. ನಮ್ಮ ಆಟವು ಬಹುಮಟ್ಟಿಗೆ ಇದೇ ಜಾತಿಯದು: ಕೊಲೆಗಾರ್ತಿಗೂ ಡೊರೊಥಿಗೂ, ಕಟುಕನಿಗೂ ಹರಿಶ್ಚಂದ್ರನಿಗೂ ಹೊಂದುವ ಧರ್ಮಗಳನ್ನು ಮಾತ್ರ ಆರಿಸಿಕೊಳ್ಳುವುದು. ಗ್ರೀಸಿನ ಅರಿಸ್ಟಾಟಲನೂ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ, ನಿಜವಾಗಿ ಇರುವುದನ್ನೇ ಹೇಳುತ್ತ ಅಸಾಧ್ಯವೆಂದು ತೋರುವಂತೆ ಜೋಡಿಸುವುದೇ ಒಗಟಿನ ಸ್ವರೂಪವೆಂದಿದ್ದಾನೆ. ಪರಸ್ಪರ ಪರಿಚಯವಿಲ್ಲದ ಇಬ್ಬರು ಆಚಾರ್ಯರೂ ಒಗಟಿಗೆ ಸತ್ಯವೇ ಆಧಾರವೆಂಬುದರಲ್ಲಿ ಒಂದಾಗುತ್ತಾರೆ. ಸುಳ್ಳು ಹೇಳಿ ದಾರಿತಪ್ಪಿಸುವುದಕ್ಕೆ ಜಾಣತನ ಬೇಕಿಲ್ಲ. ಅಂಥ ಒಗಟನ್ನು ಒಡೆದವನಿಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ಅದೇ ಅರಿಸ್ಟಾಟಲನು ಅದೇ ಗ್ರಂಥದಲ್ಲಿ ‘ಒಡಿಸ್ಸಿ’ ಮಹಾಕಾವ್ಯದ ಕಥೆಯನ್ನು ನಾಯಕನ ಹೆಸರನ್ನೇ ಎತ್ತದೆ ಕೆಲವು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾನೆ: ಬಹುವರ್ಷ ಮನೆಯಿಂದ ದೂರವಾದವನೊಬ್ಬನು, ದೇವನ ಕಣ್ಗಾವಲಿನಲ್ಲಿ ಒಂಟಿಯಾಗಿ ತೊಳಲುತ್ತಿರಲು, ಮನೆಯಲ್ಲಿ ಪತ್ನಿಯನ್ನು ಬಯಸಿ ಬಂದವರು ಅವನ ಆಸ್ತಿಯನ್ನು ಕರಗಿಸುತ್ತಿರಲು, ಹಿಂದಿರುಗಿ ಬಂದು ಶತ್ರುಗಳನ್ನು ಸಂಹರಿಸಿದ ಕಥೆ. ಕಾವ್ಯಕ್ಕೆ ಸ್ವಂತವಾದುದು ಇಷ್ಟೇ, ಉಳಿದುದೆಲ್ಲ ಉಪಾಖ್ಯಾನವೆಂದು ಅವನ ಮತ. ವಿದ್ವಾಂಸನಿಗೆ ಇದು ಯೋಗ್ಯವಾದ ಸಾರ. ಒಗಟುಗಾರನಿಗೆ ಇದು ಕೆಲಸಕ್ಕೆ ಬಾರದ ಸಾರ. ಏಕೆಂದರೆ ಹೆಸರನ್ನು ತೆಗೆದ ಮೇಲೆ ಇಂಥ ಅಸ್ಥಿಪಂಜರವು ಎಷ್ಟೋ ಕಥೆಗಳಿಗೆ ಸಲ್ಲುತ್ತದೆ. ರಷ್ಯದ ವ್ಲಾದಿಮಿರ್ ಪ್ರಾಪ್‌ ಎಂಬ ವಿದ್ವಾಂಸನು 1928ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ದೇಶದ ಅದ್ಭುತಕಥೆಗಳನ್ನು 31 ಕಾರ್ಯಗಳಿಗೆ ಇಳಿಸಿ ತೋರಿಸಿದನು. ಮನೆಯ ಒಬ್ಬನು ದೂರವಾಗುತ್ತಾನೆ, ನಿಷೇಧವು ಮುರಿಯುತ್ತದೆ, ಖಳನು ಕೇಡು ಮಾಡುತ್ತಾನೆ, ನಾಯಕನು ಹೊರಡುತ್ತಾನೆ. ಈ ಭಾಷೆಯಲ್ಲಿ ಚಿತ್ರವೊಂದರ ಕಥೆಯನ್ನು ಹೇಳಿ ಹೆಸರನ್ನು ಕೇಳಿದರೆ ನೂರು ಉತ್ತರಗಳು ಬಂದಾವು. ಊಹೆಗೆ ಬೇಕಾದುದು ಮೂಳೆಯಲ್ಲ, ಮಚ್ಚೆ. ಬೇರಾವ ಕಥೆಯಲ್ಲಿಯೂ ಇಲ್ಲದ ಒಂದು ಸಣ್ಣ ಗುರುತು ಕಡೆಯವರೆಗೂ ವಾಕ್ಯದಲ್ಲಿ ಉಳಿದಿರಬೇಕು.

1975ರ ‘ಶೋಲೆ’ಯಲ್ಲಿ ಅಂಥ ಗುರುತು ಒಂದು ನಾಣ್ಯ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಲಾದ ಆ ಚಿತ್ರದ ಡಕಾಯಿತರನ್ನೂ ಕುದುರೆಗಳನ್ನೂ ಬಿಟ್ಟು, ‘ಗೆಳೆಯನೊಬ್ಬನು ನಾಣ್ಯವನ್ನು ಚಿಮ್ಮಿ ಮಾಡುತ್ತಿದ್ದ ನಿರ್ಧಾರಗಳೆಲ್ಲ ಮೋಸವೆಂಬುದು ಅವನು ಸತ್ತ ಮೇಲೆ ಬಯಲಾಗುತ್ತದೆ’ ಎಂದು ಹೇಳಿದರೆ ಸಾಕು. ನಾಣ್ಯದ ಎರಡು ಮುಖಗಳೂ ಒಂದೇ ಆಗಿದ್ದುದು ನಿಜ, ಅದು ಮೋಸವೆಂಬುದೂ ನಿಜ. ಆ ಮೋಸದಿಂದ ಅವನು ಗಳಿಸಿದುದು ತನ್ನ ಸಾವನ್ನು, ಗೆಳೆಯನ ಪ್ರಾಣವನ್ನು ಎಂಬುದೊಂದು ಮಾತ್ರ ಬಿಟ್ಟುಹೋಗಿದೆ. 1997ರ ‘ಟೈಟಾನಿಕ್’ ಚಿತ್ರಕ್ಕೆ ಇಷ್ಟು ಶ್ರಮವೂ ಬೇಡ. ಮುಳುಗಿದ ಹಡಗಿನಲ್ಲಿ ಒಡವೆಯನ್ನು ಹುಡುಕುತ್ತಿದ್ದವರಿಗೆ ವೃದ್ಧೆಯೊಬ್ಬಳು ತನ್ನ ಯೌವನದ ಕಥೆಯನ್ನೆಲ್ಲ ಹೇಳಿ, ಅವರು ಹುಡುಕುತ್ತಿದ್ದ ಒಡವೆಯನ್ನು ಯಾರೂ ಕಾಣದಂತೆ ಸಮುದ್ರಕ್ಕೆ ಹಾಕಿಬಿಡುತ್ತಾಳೆ ಎಂದರೆ ಮುಗಿಯಿತು. ಇದರಲ್ಲಿ ವಂಚನೆಯಿರುವುದು ಪ್ರಮಾಣದಲ್ಲಿ. ಸಾವಿರಾರು ಜನ ಕುಳಿತಿದ್ದ ಹಡಗಿನ ದುರಂತವು ಅಜ್ಜಿಯ ಒಡವೆಗೆ ಅಂಚಾಗಿಹೋಗಿದೆ.

ಹೆಸರನ್ನು ತೆಗೆದು ಜಾತಿವಾಚಕವನ್ನಿಡುವುದು, ಪ್ರಾಸಂಗಿಕವಾದುದನ್ನು ಪ್ರಧಾನಮಾಡುವುದು, ಒಂದು ರಸಕ್ಕೆ ಸೇರಿದುದನ್ನು ಇನ್ನೊಂದು ರಸದ ಭಾಷೆಯಲ್ಲಿ ಹೇಳುವುದು ಇವೆಲ್ಲ ಸಾಮಾನ್ಯವಾದ ಉಪಾಯಗಳು. ಆದರೆ ಎಲ್ಲಕ್ಕಿಂತ ಬಲವಾದುದು ಉದ್ದೇಶವನ್ನು ಬಿಟ್ಟುಬಿಡುವುದು. ಹರಿಶ್ಚಂದ್ರನ ಕಥೆಯಿಂದ ‘ಕೊಟ್ಟ ಮಾತು’ ಎಂಬುದನ್ನು ತೆಗೆದರೆ ಉಳಿಯುವುದು ಕ್ರೌರ್ಯ. ರಾಘವಾಂಕನ ಕಾವ್ಯವೆಲ್ಲ ಆ ಒಂದು ಕಾರಣವನ್ನು ನಮ್ಮ ಮನಸ್ಸಿನಲ್ಲಿ ನಿಲ್ಲಿಸುವುದಕ್ಕಾಗಿಯೇ ದುಡಿಯುತ್ತದೆ. ಘಟನೆಗಳಿಂದಲೇ ಔನ್ನತ್ಯವು ಒದಗುವಂತಿದ್ದರೆ ಕವಿಗೆ ಅಷ್ಟು ಕೆಲಸವಿರುತ್ತಿರಲಿಲ್ಲ. (ಮೊದಲಲ್ಲಿ ಕೊಟ್ಟ ಒಗಟಿಗೆ 1913ರಲ್ಲಿ ಫಾಲ್ಕೆಯವರು ತೆಗೆದ ‘ರಾಜಾ ಹರಿಶ್ಚಂದ್ರ’ವನ್ನು ಉತ್ತರವಾಗಿ ಹೇಳಿದವರಿಗೂ ಪೂರ್ಣಾಂಕವನ್ನು ಕೊಡಲೇಬೇಕಾಗುತ್ತದೆ.)

ಇನ್ನು ಬೇಡರ ಕಣ್ಣಪ್ಪನ ವಿಷಯ. ಹರಿಹರನ ರಗಳೆಯಿಂದ ಕನ್ನಡಿಗರಿಗೆ ಪರಿಚಿತನಾದ ಈ ಭಕ್ತನ ಕಥೆಯು 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ಚಿತ್ರವಾಗಿ, ರಾಜಕುಮಾರ್ ಅವರನ್ನು ನಾಯಕನಟರನ್ನಾಗಿ ಪರಿಚಯಿಸಿತು. ‘ದೇವಾಲಯದಲ್ಲಿ ಮಾಂಸವನ್ನು ತಂದಿಟ್ಟು ಲಿಂಗಕ್ಕೆ ಕಾಲನ್ನು ಸೋಕಿಸಿದವನಿಗೆ ಮೋಕ್ಷ’ ಎಂದು ಈ ಕಥೆಯನ್ನು ಹೇಳಬಹುದು. ಆದರೆ ಇಲ್ಲೊಂದು ವಿಶೇಷವಿದೆ. ಈ ವಕ್ರವಾದ ಸಾರವನ್ನು ನಾವು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಕಥೆಯೊಳಗಿನ ಅರ್ಚಕನೇ ಅದನ್ನು ಮೊದಲು ಹೇಳುತ್ತಾನೆ. ಗುಡಿಯಲ್ಲಿ ಬಿದ್ದ ಎಲುಬುಗಳನ್ನು ಕಂಡ ಅವನ ವರದಿಯಲ್ಲಿ ಸುಳ್ಳೇನೂ ಇಲ್ಲ. ಕಂಡುದನ್ನು ಕಂಡಂತೆ ಹೇಳಿದವನ ಸತ್ಯವು ಎಷ್ಟು ಅರೆಯಾದುದೆಂಬುದನ್ನು ತೋರಿಸುವುದೇ ಆ ಕಥೆಯ ಜೀವ. ಕಣ್ಣನ್ನು ಕಿತ್ತಿಟ್ಟುದನ್ನು ಸೇರಿಸಿದ ಕೂಡಲೇ ಕಾಲಿಟ್ಟುದರ ಅರ್ಥವು ಬೇರೆಯಾಗುತ್ತದೆ. ಇನ್ನೊಂದು ಕಣ್ಣೂ ಹೋದ ಮೇಲೆ ಜಾಗವು ತಿಳಿಯದೆಂದು ಗುರುತಿಗಾಗಿ ಇಟ್ಟ ಕಾಲು ಅದು.

ತರಗತಿಯಲ್ಲಿ ಈ ಆಟವನ್ನು ಆಡಿಸಬೇಕೆನ್ನುವ ಅಧ್ಯಾಪಕರಿಗೆ 1972ರ ‘ನಾಗರಹಾವು’ ತಕ್ಕ ಚಿತ್ರ. ಸ್ವಲ್ಪ ಎದೆಗಾರಿಕೆ ಬೇಕು, ಅಷ್ಟೆ. ‘ಮೇಷ್ಟರ ಮಾತನ್ನು ಕೇಳಿ ಕೆಟ್ಟ ವಿದ್ಯಾರ್ಥಿಯ ಕಥೆ’ ಎಂದರೆ ಹಿಂದಿನ ಬೆಂಚಿನಿಂದ ಕೂಡಲೇ ಉತ್ತರ ಬರುತ್ತದೆ. ಗುರುಭಕ್ತಿಯ ಚಿತ್ರವೆಂದು ಮನೆಮಾತಾಗಿರುವ ಈ ಕೃತಿಯಲ್ಲಿ, ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ರಾಮಾಚಾರಿಯು ಅಲಮೇಲುವನ್ನು ಬಿಟ್ಟುಕೊಟ್ಟುದರಿಂದಲೇ ಅವಳ ಬಾಳೂ ಹಾಳಾಗುತ್ತದೆ. ತ. ರಾ. ಸು. ಅವರ ಕಾದಂಬರಿಗಳನ್ನು ತೆರೆಗೆ ತಂದ ಪುಟ್ಟಣ್ಣ ಕಣಗಾಲರು ಇದನ್ನು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟಿರುವವರು ನೆನಪಿನಲ್ಲಿ ಚಿತ್ರವನ್ನು ಸವರಿ ನಯಮಾಡಿಕೊಂಡ ನಾವು. ಇಂಥ ಸ್ಥಳದಲ್ಲಿ ದಾರಿತಪ್ಪಿಸುವ ಸಾರವು ರೂಢಿಯ ಸಾರಕ್ಕಿಂತ ಕೃತಿಗೆ ಹತ್ತಿರವಾಗಿರುತ್ತದೆ. ಪರೀಕ್ಷೆಗೆಂದು ಸಿದ್ಧವಾದ ಕಥಾಸಾರಗಳನ್ನು ಬಾಯಿಪಾಠಮಾಡಿದ ವಿದ್ಯಾರ್ಥಿಯು ಒಂದೇ ಕೃತಿಗೆ ಎರಡು ಸಾರಗಳನ್ನು, ಎರಡನ್ನೂ ಸತ್ಯವಾಗಿಯೇ, ಬರೆದು ನೋಡಿದನಾದರೆ ಯಾವುದನ್ನು ಏಕೆ ಬಿಟ್ಟೆನೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರನು.

ಪ್ರಹೇಳಿಕೆಯು ರಸಕ್ಕೆ ಅಡ್ಡಿಯಾದುದರಿಂದ ಅಲಂಕಾರವೇ ಅಲ್ಲವೆಂದು ‘ಸಾಹಿತ್ಯದರ್ಪಣ’ದಲ್ಲಿ ವಿಶ್ವನಾಥನು ಹೇಳುತ್ತಾನೆ. ಇದುವರೆಗಿನ ಉದಾಹರಣೆಗಳೆಲ್ಲ ಅವನ ಮಾತನ್ನು ಸಮರ್ಥಿಸುತ್ತವೆ. ಒಗಟು ಬಂದಲ್ಲಿ ಕರುಣವು ಓಡಿಹೋಗಿದೆ, ಭಕ್ತಿಯು ಓಡಿಹೋಗಿದೆ. ಆದರೆ 1971ರ ‘ಕಸ್ತೂರಿ ನಿವಾಸ’ವನ್ನು ಹೀಗೆ ಒಗಟಿಗೆ ಇಳಿಸಲು ಹೊರಟಾಗ ವಿಚಿತ್ರವಾದ ಅನುಭವವಾಗುತ್ತದೆ. ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯನಾಗಿದ್ದು ದಾನದಿಂದ ಬರಿಗೈಯಾದವನೊಬ್ಬನು ಮನೆಗೆ ಬಂದವಳಿಗೆ ಊಟವಿಕ್ಕಲು ತನ್ನ ಪಾರಿವಾಳವನ್ನು ಮಾರುತ್ತಾನೆ. ಅವಳು ಬಂದಿದ್ದುದು ಆ ಪಾರಿವಾಳವನ್ನು ಕೇಳುವುದಕ್ಕಾಗಿಯೇ. ಇಟಲಿಯ ಬೊಕಾಚಿಯೊ ತನ್ನ ‘ಡೆಕಮೆರಾನ್’ ಗ್ರಂಥದ ಐದನೆಯ ದಿನದ ಒಂಬತ್ತನೆಯ ಕಥೆಯಲ್ಲಿ ಇಂಥದೇ ಸನ್ನಿವೇಶವನ್ನು ತಂದಿದ್ದಾನೆ. ಅಲ್ಲಿ ಬಡವನಾದ ಫೆದೆರಿಗೊ ತನ್ನ ಡೇಗೆಯನ್ನೇ ಕೊಂದು ಅಡಿಗೆಮಾಡಿಸಿ ಬಡಿಸುತ್ತಾನೆ, ಅತಿಥಿಯು ಊಟವಾದ ಮೇಲೆ ಆ ಡೇಗೆಯನ್ನೇ ಬೇಡುತ್ತಾಳೆ. ಹೆಸರುಗಳನ್ನು ತೆಗೆದರೂ, ಉದ್ದೇಶವನ್ನು ಬಿಟ್ಟರೂ, ‘ಪಕ್ಷಿಯ ವ್ಯಾಪಾರದಲ್ಲಿ ಆತುರಪಟ್ಟವನ ಕಥೆ’ ಎಂದು ಅಂಗಡಿಯ ಭಾಷೆಯಲ್ಲಿ ಹೇಳಿದರೂ, ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕೇಳುತ್ತಿದ್ದವರು ಸುಮ್ಮನಾಗಿಬಿಡುತ್ತಾರೆ. ಚಿತ್ರವನ್ನು ನೋಡದವರೂ ಸುಮ್ಮನಾಗುತ್ತಾರೆ. ನಗೆಯನ್ನು ಬರಿಸತಕ್ಕ ಒಂದು ವಾಕ್ಯವನ್ನು ಈ ಚಿತ್ರಕ್ಕೆ ಬರೆಯಬೇಕೆಂದು ಈ ಲೇಖಕನು ಹಲವು ಬಾರಿ ಯತ್ನಿಸಿ ಕೈಬಿಟ್ಟಿದ್ದಾನೆ.