ಹೊಸ ಕೊಟ್ಟಿಗೆಯ ನೆಲ: ಹಸು ಕಟ್ಟುವುದು ಯಾವಾಗ?



ಬೇಸಿಗೆಯಲ್ಲಿ ಕೊಟ್ಟಿಗೆಗೆ ಕಾಂಕ್ರೀಟ್ ನೆಲ ಹಾಕಿಸುವವರು ಹೆಚ್ಚು. "ಮೂರು ದಿನ ಆಯ್ತು, ನೆಲ ಒಣಗಿದೆ, ಹಸು ಕಟ್ಟಬಹುದಾ ಡಾಕ್ಟ್ರೇ?" ಎಂದು ಹಲವರು ಕೇಳುತ್ತೀರಿ. ಮೂರು ದಿನಕ್ಕೆ ಕಟ್ಟಬೇಡಿ. ನೆಲ ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ.

ಸಿಮೆಂಟ್ ನೀರಿನೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ನೆಲ ಬಿರುಕು ಬಿಡುತ್ತದೆ, ಮೇಲ್ಪದರ ಪುಡಿಯಾಗಿ ಏಳುತ್ತದೆ. ಮಿಶ್ರತಳಿ ಹಸು 400 ಕಿಲೋ ತೂಗುತ್ತದೆ. ಅದು ಏಳುವಾಗ ಗೊರಸು ಊರಿದ ಕಡೆ ಎಳೆಯ ಕಾಂಕ್ರೀಟ್ ಕಿತ್ತು ಗುಂಡಿ ಬೀಳುತ್ತದೆ. ಗುಂಡಿಯಲ್ಲಿ ಸಗಣಿ, ಗಂಜಲ ನಿಂತರೆ ಕೆಚ್ಚಲು ಬಾವಿನ ರೋಗಾಣುಗಳಿಗೆ ಅದೇ ಮನೆ.

ಎಷ್ಟು ದಿನ ಕಾಯಬೇಕು?

• ಮೊದಲ ದಿನ ಯಾರೂ ತುಳಿಯಬಾರದು. ಮರುದಿನದಿಂದ ನೀರು ಕಟ್ಟಿ.
• ಸಾಮಾನ್ಯ (ಒಪಿಸಿ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟಿಗೆ 10 ದಿನ ನೆಲ ಒದ್ದೆಯಾಗಿರಬೇಕು. ಯಾವುದೆಂದು ಚೀಲದ ಮೇಲೆ ಬರೆದಿರುತ್ತದೆ. ಬಿರುಬಿಸಿಲಿನಲ್ಲಿ 14 ದಿನ ಮಾಡಿದರೆ ಒಳ್ಳೆಯದು.
• ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿದರೆ ಸಾಲದು, ನಡುವೆ ಒಣಗುತ್ತದೆ. ಸುತ್ತ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಒದ್ದೆ ಗೋಣಿಚೀಲ ಹೊದಿಸಿ. ಇದರಿಂದ ನೀರು ಹೊರುವ ಕೆಲಸವೂ ಕಡಿಮೆ.
• 7 ದಿನಕ್ಕೆ ಕಾಂಕ್ರೀಟಿಗೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಲೆಕ್ಕದ ಪೂರ್ತಿ ಬಲಕ್ಕೆ 28 ದಿನ ಬೇಕು. ಹಸು ಕಟ್ಟಲು ಅದೇ ಸರಿಯಾದ ಸಮಯ. ಬೇರೆ ಜಾಗವೇ ಇಲ್ಲದಿದ್ದರೂ 14 ದಿನಕ್ಕಿಂತ ಮೊದಲು ಬೇಡ.

ಒಳಗಿನ ತೇವ ಆರಲು ಇನ್ನೂ ಹೆಚ್ಚು ಸಮಯ ಬೇಕು, ಅಂದಾಜು ಒಂದು ಇಂಚಿಗೆ ಒಂದು ತಿಂಗಳು. ಅದಕ್ಕಾಗಿ ಕಾಯಬೇಕಿಲ್ಲ. ಆದರೆ ರಬ್ಬರ್ ಮ್ಯಾಟ್ ಹಾಸಿದ್ದರೆ ಆಗಾಗ ಎತ್ತಿ, ಅಡಿ ಒಣಗಿಸಿ. ಸದಾ ತೇವದಲ್ಲಿ ನಿಂತ ಗೊರಸು ಮೆತ್ತಗಾಗಿ ಬೇಗ ಸವೆಯುತ್ತದೆ.

ಹಸು ಕಟ್ಟುವ ಮುನ್ನ

ಹೊಸ ಕಾಂಕ್ರೀಟಿನಲ್ಲಿ ಸುಣ್ಣದಂತೆ ಸುಡುವ ಕ್ಷಾರವಿರುತ್ತದೆ, ಚೂಪಾದ ಮರಳುಕಣಗಳೂ ಇರುತ್ತವೆ. ಇಟ್ಟಿಗೆ ಚೂರಿನಿಂದ ನೆಲ ಉಜ್ಜಿ, ಎರಡು ಮೂರು ಸಲ ತೊಳೆದು ಗುಡಿಸಿ. ಮೊದಲ ಕೆಲವು ದಿನ ಹಸು ತಿಂದು ಬಿಟ್ಟ ಒಣ ಹುಲ್ಲನ್ನು ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ತುಂಬು ಗಬ್ಬದ ಹಸುವನ್ನು ಕೊನೆಗೆ ತನ್ನಿ. ಅದು ಜಾರಿ ಬಿದ್ದರೆ ತಾಯಿಗೂ ಕರುವಿಗೂ ಅಪಾಯ.

ಇನ್ನೂ ನೆಲ ಹಾಕಿಸದವರು ಮೇಸ್ತ್ರಿಗೆ ಮೊದಲೇ ಎರಡು ಮಾತು ಹೇಳಿ: ನುಣ್ಣಗೆ ಸಾರಿಸಬಾರದು, ಹಸಿ ಇರುವಾಗಲೇ ಗೆರೆ ಎಳೆಯಬೇಕು; ಚರಂಡಿಯ ಕಡೆಗೆ 10 ಅಡಿಗೆ 2ರಿಂದ 3 ಇಂಚು ಇಳಿಜಾರು ಕೊಡಬೇಕು.

ಅಲ್ಲಿಯವರೆಗೆ ಹಸುವನ್ನು ಮರದ ನೆರಳಲ್ಲೋ ತಾತ್ಕಾಲಿಕ ಚಪ್ಪರದಲ್ಲೋ ಕಟ್ಟಿ. ಹೊಸ ನೆಲಕ್ಕೆ ಬಂದ ಮೇಲೆ ಹಸು ಕುಂಟಿದರೆ, ಕಾಲು ಎತ್ತಿ ಎತ್ತಿ ಇಟ್ಟರೆ ತಡಮಾಡದೆ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ.