ವಿಸ್ಕಿ ದಂಗೆಯೂ ವಾಷಿಂಗ್ಟನ್ನರೂ

ತೆರಿಗೆಯ ಜಗಳದಿಂದಲೇ ಹುಟ್ಟಿದ ರಾಷ್ಟ್ರ ಅಮೆರಿಕ. ಹುಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ ಅದೇ ಜಗಳ ಅದರ ಮನೆಬಾಗಿಲಿಗೂ ಬಂದು ನಿಂತಿತು.

ಸ್ವಾತಂತ್ರ್ಯ ಸಮರದ ಸಾಲ ತೀರಿಸಲೆಂದು, ಅರ್ಥಸಚಿವ ಹ್ಯಾಮಿಲ್ಟನ್ನರ ಸಲಹೆಯಂತೆ, 1791ರಲ್ಲಿ ಮದ್ಯದ ಮೇಲೆ ಸುಂಕ ಹಾಕಲಾಯಿತು. ಪಶ್ಚಿಮ ಪೆನ್ಸಿಲ್ವೇನಿಯದ ರೈತರು ಇದರಿಂದ ಕೆರಳಿದರು. ಅವರು ಕುಡುಕರೆಂದಲ್ಲ. ಅಲೆಘೆನಿ ಬೆಟ್ಟಗಳನ್ನು ದಾಟಿಸಿ ಧಾನ್ಯವನ್ನು ಪೇಟೆಗೆ ಒಯ್ದರೆ ಸಾಗಣೆಯ ಖರ್ಚೂ ಗಿಟ್ಟುತ್ತಿರಲಿಲ್ಲ. ಅದನ್ನೇ ಭಟ್ಟಿ ಇಳಿಸಿದರೆ ಹಲವು ಹೇರಿನ ಬೆಲೆ ಒಂದೇ ಕುದುರೆಯ ಬೆನ್ನಿಗೆ ಹಿಡಿಯುತ್ತಿತ್ತು. ನಗದು ಅಪರೂಪವಾದ ಆ ಸೀಮೆಯಲ್ಲಿ ಕೂಲಿಯನ್ನೂ ವಿಸ್ಕಿಯಲ್ಲಿ ಕೊಡುವುದುಂಟು. ಸುಂಕವನ್ನಾದರೋ ನಗದಾಗಿಯೇ ಕಟ್ಟಬೇಕು. ಅದರಲ್ಲಿಯೂ ದೊಡ್ಡ ಭಟ್ಟಿಯವನಿಗಿಂತ ಸಣ್ಣವನಿಗೇ ಹೊರೆ ಹೆಚ್ಚು. ತಪ್ಪಿದವರು ವಿಚಾರಣೆಗೆ ಸುಮಾರು 300 ಮೈಲಿ ದೂರದ ಫಿಲಡೆಲ್ಫಿಯಕ್ಕೆ ಅಲೆಯಬೇಕಾಗಿತ್ತು.

1794ರ ಜುಲೈನಲ್ಲಿ ಸುಂಕದ ಅಧಿಕಾರಿ ಜಾನ್ ನೆವಿಲ್ಲರ ಮನೆ ಬೂದಿಯಾಯಿತು. ಕೆಲವು ದಿನಗಳಲ್ಲಿಯೇ ಪಿಟ್ಸ್‌ಬರ್ಗ್ ಬಳಿ ಸುಮಾರು 7,000 ಜನ ಕೂಡಿದರು.

ಅಧ್ಯಕ್ಷ ವಾಷಿಂಗ್ಟನ್ನರು ಮಾಡಿದ್ದೇನು? ದಂಡೆತ್ತುವ ಮೊದಲು ಅವರು ಕಾನೂನಿನ ಪುಸ್ತಕ ತೆರೆದರೆನ್ನಬೇಕು. 1792ರ ಶಾಸನದಂತೆ, ನ್ಯಾಯಾಲಯಗಳ ಕೈಮೀರಿದೆಯೆಂದು ನ್ಯಾಯಾಧೀಶರು ಬರೆದುಕೊಟ್ಟ ಹೊರತು ರಾಜ್ಯಗಳ ನಾಗರಿಕ ಪಡೆಯನ್ನು ಕರೆಯುವಂತಿರಲಿಲ್ಲ. ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್ನರ ಪತ್ರ ಆಗಸ್ಟ್ 4ರಂದು ಬಂದಿತು. 7ರಂದು, ಚದುರಿಹೋಗಿರೆಂದು ಘೋಷಣೆ ಹೊರಟಿತು. ಮೂವರು ಸಂಧಾನಕಾರರು ಕ್ಷಮೆಯ ಭರವಸೆ ಹೊತ್ತು ಪಶ್ಚಿಮಕ್ಕೆ ಹೋದರು. ಸಂಧಾನ ಪೂರ್ತಿ ಫಲಿಸಲಿಲ್ಲ. ಆಗ ನಾಲ್ಕು ರಾಜ್ಯಗಳಿಂದ ಸುಮಾರು 13,000 ಮಂದಿ ನೆರೆದರು. ಅರವತ್ತೆರಡರ ಅಧ್ಯಕ್ಷರು ತಾವೇ ಕಾರ್ಲೈಲ್ ಶಿಬಿರಕ್ಕೆ ಹೊರಟರು.

ಪಡೆಯೂ ಸಭ್ಯವಾಗಿಯೇ ಇತ್ತೆನ್ನಲಾಗದು. ದಾರಿಯಲ್ಲಿ ಇಬ್ಬರು ನಾಗರಿಕರು ಸೈನಿಕರ ಕೈಯಲ್ಲಿ ಸತ್ತರು. ಆ ಸೈನಿಕರನ್ನು ಸಿವಿಲ್ ಅಧಿಕಾರಿಗಳಿಗೆ ಒಪ್ಪಿಸಬೇಕೆಂದು ವಾಷಿಂಗ್ಟನ್ನರು ಆಜ್ಞಾಪಿಸಿದರು. ಕಾನೂನನ್ನು ಕಾಯಹೊರಟವರು ಅದನ್ನು ಮುರಿಯಬಾರದೆಂಬುದು ಅವರ ನಿಲುವು. ಬೆಡ್‌ಫರ್ಡ್‌ನಲ್ಲಿ ನಾಯಕತ್ವವನ್ನು ಹೆನ್ರಿ ಲೀಯವರಿಗೆ ವಹಿಸಿ ಅವರು ರಾಜಧಾನಿಗೆ ಮರಳಿದರು.

ಪಡೆ ತಲಪುವಷ್ಟರಲ್ಲಿ ದಂಗೆಯೇ ಕರಗಿಹೋಗಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂದು ಟೀಕಿಸಿದವರಲ್ಲಿ ಜೆಫರ್ಸನ್ನರೂ ಒಬ್ಬರು. ಆ ಟೀಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ದೇಶದ್ರೋಹದ ಶಿಕ್ಷೆಗೆ ಗುರಿಯಾದ ಇಬ್ಬರನ್ನೂ 1795ರಲ್ಲಿ ವಾಷಿಂಗ್ಟನ್ನರು ಕ್ಷಮಿಸಿ ಗಲ್ಲಿನಿಂದ ಉಳಿಸಿದರು.

ಸುಂಕ ರದ್ದಾದದ್ದು 1802ರಲ್ಲಿ, ಜೆಫರ್ಸನ್ನರ ಆಳ್ವಿಕೆಯಲ್ಲಿ. ಅಷ್ಟರೊಳಗೆ, ಅಧಿಕಾರ ಬಿಟ್ಟು ಮೌಂಟ್ ವರ್ನನ್ನಿನ ತಮ್ಮ ಜಮೀನಿಗೆ ಮರಳಿದ್ದ ವಾಷಿಂಗ್ಟನ್ನರೂ ಭಟ್ಟಿ ಹೂಡಿದ್ದರು. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಯಿತು.