ಭಾಷೆ ಸರಿದ ಮೇಲೆ ಉಳಿದ ಲಯ: ಸನಿ ಲ್ಯಾಂಡ್ರೆತ್ ಅವರ ಮರುವಾದನ

ಕಲಾವಿದನೊಬ್ಬ ತನ್ನದೇ ಹಳೆಯ ಹಾಡುಗಳನ್ನು ಮತ್ತೆ ಎತ್ತಿಕೊಂಡಾಗ, ಅದನ್ನು ಸೃಷ್ಟಿಶಕ್ತಿ ಬತ್ತಿದುದರ ಲಕ್ಷಣವೆಂದು ಕಾಣುವ ರೂಢಿ ಜನಪ್ರಿಯ ಸಂಗೀತದ ವಿಮರ್ಶೆಯಲ್ಲಿದೆ. ಮೌಖಿಕ ಪರಂಪರೆಗಳ ಅಧ್ಯಯನ ನಡೆಸಿದವರು ಇದನ್ನು ಒಪ್ಪಲಾರರು. ಅಲ್ಲಿ ಪ್ರತಿಯೊಂದು ಪ್ರಯೋಗವೂ ಒಂದು ಪಾಠವೇ. ಅಮೆರಿಕದ ಲೂಯಿಸಿಯಾನಾ ರಾಜ್ಯದ ಗಿಟಾರ್ ವಾದಕ ಸನಿ ಲ್ಯಾಂಡ್ರೆತ್ ಅವರು 2016ರ ಜನವರಿಯಲ್ಲಿ ತಮ್ಮ ಊರಾದ ಲಾಫಯೆಟ್‌ನಲ್ಲಿ ಶ್ರೋತೃಗಳ ಎದುರು ನುಡಿಸಿ, 2017ರಲ್ಲಿ ಎರಡು ಭಾಗಗಳಲ್ಲಿ ಹೊರತಂದ ‘ರೆಕಾರ್ಡೆಡ್ ಲೈವ್ ಇನ್ ಲಾಫಯೆಟ್’ ಎಂಬ ಧ್ವನಿಮುದ್ರಿಕೆ ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. ಭಾಷೆಯೊಂದು ಹಾಡಿನಿಂದ ಹಿಂದೆ ಸರಿದ ಮೇಲೂ ಆ ಭಾಷಿಕರ ಪರಂಪರೆ ಹಾಡಿನೊಳಗೆ ಉಳಿಯಬಲ್ಲುದೇ, ಉಳಿದರೆ ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ದಕ್ಷಿಣ ಲೂಯಿಸಿಯಾನಾ ಜೌಗುನೆಲದ, ‘ಬಾಯು’ ಎಂಬ ನಿಧಾನಗತಿಯ ಹೊಳೆಗಳ ಪ್ರದೇಶ. ಇಂದಿನ ಕೆನಡಾದ ಪೂರ್ವತೀರದಲ್ಲಿದ್ದ ಅಕಾಡಿಯಾದಿಂದ ಬ್ರಿಟಿಷರು 1755ರಿಂದ ಹೊರದಬ್ಬಿದ ಫ್ರೆಂಚ್ ಭಾಷಿಕರಲ್ಲಿ ಅನೇಕರು 1760ರ ದಶಕದಿಂದ ಇಲ್ಲಿ ನೆಲೆಗೊಂಡರು. ‘ಅಕಾಡಿಯನ್’ ಎಂಬ ಪದವೇ ಬಾಯಿಂದ ಬಾಯಿಗೆ ಸವೆದು ‘ಕೇಜನ್’ ಆಯಿತು. ಇವರ ನೆರೆಯಲ್ಲೇ ಫ್ರೆಂಚ್ ಮಾತಾಡುವ ಕಪ್ಪು ಕ್ರಿಯೋಲರಿದ್ದರು. ಪಿಟೀಲು ಮತ್ತು ಅಕಾರ್ಡಿಯನ್‌ಗಳ ಸುತ್ತ ಬೆಳೆದ ಕೇಜನ್ ಸಂಗೀತದ ಜೀವಾಳವೆಂದರೆ ಕುಣಿತದ ಎರಡು ನಡೆಗಳು: ಮೂರು ಎಣಿಕೆಯ ವಾಲ್ಟ್ಸ್ ಮತ್ತು ಎರಡು ಎಣಿಕೆಯ ಟೂ-ಸ್ಟೆಪ್. ಕ್ರಿಯೋಲರ ಜೈಡಿಕೊ ಇವುಗಳೊಡನೆ ಬ್ಲೂಸನ್ನೂ, ಎದೆಯ ಮೇಲೆ ತೊಟ್ಟು ಗೀರುವ ಏರುತಗ್ಗಿನ ತಗಡಿನ ವಾದ್ಯವನ್ನೂ ಕೂಡಿಸಿತು. ಈ ಹೆಸರಿನ ನಿಷ್ಪತ್ತಿಯೂ ಸ್ವಾರಸ್ಯಕರ. ಫ್ರೆಂಚಿನಲ್ಲಿ ಹುರುಳಿಕಾಯಿ ‘ಆರಿಕೊ’. ಅದರ ಹಿಂದೆ ಬರುವ ಬಹುವಚನ ಸೂಚಕದ ಕೊನೆಯ ಧ್ವನಿ ಸ್ಥಳೀಯ ಉಚ್ಚಾರಣೆಯಲ್ಲಿ ಮುಂದಿನ ಪದಕ್ಕೆ ಅಂಟಿ ‘ಜಾರಿಕೊ’ ಆಗಿ, ಬಳಿಕ ಜೈಡಿಕೊ ಆಯಿತೆಂಬುದು ಪ್ರಚಲಿತ ವಿವರಣೆ. ಕನ್ನಡದ ವೈಯಾಕರಣರು ಇದನ್ನು ಸಂಧಿಕಾರ್ಯವೆಂದೇ ಕರೆದಾರು.

1921ರ ರಾಜ್ಯ ಸಂವಿಧಾನ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯಗೊಳಿಸಿತು. ಫ್ರೆಂಚ್ ಆಡಿದ ಮಕ್ಕಳು ಶಿಕ್ಷೆಗೊಳಗಾದರು. ಅವರೇ ತಂದೆತಾಯಿಗಳಾದಾಗ ತಮ್ಮ ಮಕ್ಕಳೊಡನೆ ಇಂಗ್ಲಿಷನ್ನೇ ಆಡಿದರು. ಫ್ರೆಂಚನ್ನು ಉಳಿಸಲೆಂದು ರಾಜ್ಯವೇ 1968ರಲ್ಲಿ ಮಂಡಳಿಯೊಂದನ್ನು ಸ್ಥಾಪಿಸುವ ವೇಳೆಗೆ ಒಂದು ತಲೆಮಾರು ಕೈತಪ್ಪಿತ್ತು.

1951ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ ಲಾಫಯೆಟ್‌ನಲ್ಲಿ ಬೆಳೆದ ಲ್ಯಾಂಡ್ರೆತ್ ಹಾಡುವುದು ಇಂಗ್ಲಿಷಿನಲ್ಲಿ. ಅವರನ್ನು ‘ಸ್ವಾಂಪ್ ಬ್ಲೂಸ್’, ಅಂದರೆ ಜೌಗುನೆಲದ ಬ್ಲೂಸ್, ವಾದಕರೆನ್ನುವುದುಂಟು. ಕಟ್ಟುನಿಟ್ಟಾಗಿ ಹೇಳುವುದಾದರೆ ಈ ಹೆಸರು ಸಲ್ಲಬೇಕಾದುದು 1950-60ರ ದಶಕಗಳಲ್ಲಿ ಕ್ರೌಲಿ ಪಟ್ಟಣದಲ್ಲಿ ಜೆ.ಡಿ. ಮಿಲ್ಲರ್ ಧ್ವನಿಮುದ್ರಿಸಿದ ಸ್ಲಿಮ್ ಹಾರ್ಪೊ, ಲೈಟ್ನಿನ್ ಸ್ಲಿಮ್, ಲೇಜಿ ಲೆಸ್ಟರ್ ಮೊದಲಾದ ಕಪ್ಪು ಕಲಾವಿದರಿಗೆ. ಆದರೆ ಗಡಿಗಳು ಆಗಲೂ ಗಟ್ಟಿಯಾಗಿರಲಿಲ್ಲ. ಅದೇ ಬಳಗದ ಲೋನ್ಸಮ್ ಸನ್‌ಡೌನ್ ಮೊದಲು ಜೈಡಿಕೊದ ದೊರೆಯೆನಿಸಿದ ಕ್ಲಿಫ್ಟನ್ ಶೆನಿಯೇ (1925–1987) ಅವರ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಮುಂದೆ ಲ್ಯಾಂಡ್ರೆತ್ ನುಡಿಸಿದ್ದೂ ಶೆನಿಯೇ ತಂಡದಲ್ಲೇ. ಬಿಳಿಯರು ಕಪ್ಪು ಜನರ ಸಂಗೀತವನ್ನು ದೋಚಿದರೆಂಬ ಆರೋಪಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಆಧಾರವಿದೆ. ಆದರೆ ಕಪ್ಪು ಯಜಮಾನನ ಹಿಂದೆ ನಿಂತು ಕಲಿತ ಬಿಳಿಯ ವಾದಕನಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಹಾಗೆಂದು ಮಾರುಕಟ್ಟೆ ಇಬ್ಬರಿಗೂ ಒಂದೇ ಬಾಗಿಲು ತೆರೆಯಿತೆಂದೂ ಹೇಳಲಾಗದು.

ಲ್ಯಾಂಡ್ರೆತ್ ಅವರ ವಾದನಕ್ರಮವನ್ನು ತುಸು ವಿವರಿಸಬೇಕು. ಅವರು ಕಿರುಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಗಳ ಮೇಲೆ ಜಾರಿಸುತ್ತಾರೆ. ಗೋಟುವಾದ್ಯ ಬಲ್ಲವರಿಗೆ ಈ ತತ್ತ್ವ ಅಪರಿಚಿತವಲ್ಲ. ವಿಶೇಷವಿರುವುದು ಉಳಿದ ಬೆರಳುಗಳ ಕೆಲಸದಲ್ಲಿ. ತಂತಿಗಳನ್ನು ಒಂದು ಸ್ವರಮೇಳಕ್ಕೆ ಶ್ರುತಿ ಮಾಡಿದಾಗ, ಅಡ್ಡಲಾಗಿಟ್ಟ ಕೊಳವೆ ಎಲ್ಲಿಗೆ ಸರಿದರೂ ಅದೇ ಬಗೆಯ ಮೇಳವನ್ನು ಕೊಡುತ್ತದೆ. ಕೊಳವೆಯ ಹಿಂದಿನ ಮೆಟ್ಟಿನಲ್ಲಿ ಒಂದು ತಂತಿಯನ್ನು ಒತ್ತಿದರೆ ಆ ತಂತಿ ತಗ್ಗಿ, ಕೊಳವೆಯ ಸೋಂಕಿನಿಂದ ಬಿಡಿಸಿಕೊಂಡು, ಬೇರೆ ಸ್ವರ ನುಡಿಯುತ್ತದೆ. ಹೀಗೆ ಅಂತರ ಗಾಂಧಾರ ಸಾಧಾರಣ ಗಾಂಧಾರವಾದರೆ ಇಡೀ ಮೇಳದ ಭಾವವೇ ಬದಲಾಗುತ್ತದೆ.

ಪ್ರಸ್ತುತ ಮುದ್ರಿಕೆಯ ಎರಡನೆಯ ಭಾಗ ವಿದ್ಯುತ್ ಗಿಟಾರಿನದು. ಅಲ್ಲಿ ಕೌಶಲ ಮೆರೆಯುತ್ತದೆ, ಆದರೆ ಹಾಡುಗಳು ತಮ್ಮ ಪರಿಚಿತ ಪಾಠದಿಂದ ಬಹಳ ದೂರ ಹೋಗುವುದಿಲ್ಲ. ಮರುಪಾಠದ ದೃಷ್ಟಿಯಿಂದ ಮುಖ್ಯವಾದುದು ವಿದ್ಯುತ್ತಿನ ನೆರವಿಲ್ಲದ ಗಿಟಾರಿನ ಮೊದಲ ಭಾಗ. 1981ರ ‘ಬ್ಲೂಸ್ ಅಟ್ಯಾಕ್’, 1995ರ ಮುದ್ರಿಕೆಯಲ್ಲಿದ್ದ ‘ಕ್ರಿಯೋಲ್ ಏಂಜೆಲ್’ ಮೊದಲಾದವು ಇಲ್ಲಿ ಮತ್ತೆ ಬರುತ್ತವೆ. ಸ್ಟೀವ್ ಕಾನ್ ಅವರ ಅಕಾರ್ಡಿಯನ್, ಕೇಜನ್ ತಂಡವೊಂದರ ಅನುಭವವಿರುವ ಸ್ಯಾಮ್ ಬ್ರೂಸಾರ್ಡ್ ಅವರ ಗಿಟಾರ್ ಜೊತೆಗೂಡುತ್ತವೆ. ಧ್ವನಿಯ ಅಬ್ಬರ ಇಳಿದಂತೆ ಕೆಳಗೆ ಹುದುಗಿದ್ದ ಕುಣಿತದ ನಡೆ ಮೇಲೇಳುತ್ತದೆ. ರಾಕ್ ಸಂಗೀತವೆಂದು ಕೇಳುತ್ತಿದ್ದುದರ ಅಡಿಗಲ್ಲು ಯಾವುದೆಂದು ತಿಳಿಯುತ್ತದೆ. ಹಳೆಯ ಹಾಡನ್ನು ಬದಲಿಸಿದ್ದಕ್ಕಿಂತ ಅದರ ಪದರವನ್ನು ಬಿಡಿಸಿದ್ದೇ ಇಲ್ಲಿನ ಸಾಧನೆ ಎನ್ನಬಹುದು.

ಈ ಭಾಗದ ಕೊನೆಯ ಹಾಡು 2000ದಲ್ಲಿ ಮೊದಲು ಬಂದ ‘ಯು.ಎಸ್.ಎಸ್. ಜೈಡಿಕೋಲ್ಡ್ಸ್‌ಮೊಬೈಲ್’. ಅಮೆರಿಕದ ಯುದ್ಧನೌಕೆಗಳ ಹೆಸರಿಗೆ ಹಚ್ಚುವ ಅಕ್ಷರಗಳು, ಜೈಡಿಕೊ ಮತ್ತು 2004ರಲ್ಲಿ ತಯಾರಿಕೆ ನಿಂತ ಓಲ್ಡ್ಸ್‌ಮೊಬೈಲ್ ಕಾರು ಸೇರಿ ಆದ ವಿನೋದದ ಸಮಾಸವಿದು. ಕ್ರಿಯೋಲ್ ಅಜ್ಜಿಯರ ಅಡುಗೆಮನೆಯ ಹುರುಳಿಕಾಯಿ ಈ ಶೀರ್ಷಿಕೆಯಲ್ಲಿ ಗುರುತು ಸಿಗದಂತೆ ಅಡಗಿ ಕುಳಿತಿದೆ. ಕುಣಿಯಲು ಬಂದವರ ಕಾಲಿಗೆ ಮಾತ್ರ ಅದರ ಎಣಿಕೆ ಇನ್ನೂ ಗೊತ್ತು.